ದುಡಿದ ದೊರೆಸಾನಿ: ಹಳೆಯ ಕಾರಿನ ಜೀರ್ಣೋದ್ಧಾರ ಹೇಗಿರಬೇಕು?

ಜೀರ್ಣೋದ್ಧಾರ ಎಂಬುದು ನಮ್ಮಲ್ಲಿ ಬಹು ಗೌರವದ ಶಬ್ದ. ಆದರೆ ಆ ಹೆಸರಿನಲ್ಲಿ ನಡೆಯುವ ಕೆಲಸವನ್ನು ಸಮೀಪದಿಂದ ನೋಡಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಶತಮಾನಗಳನ್ನು ಕಂಡ ಕಲ್ಲುಗುಡಿಯ ಕೆತ್ತನೆಯ ಕಂಬಗಳಿಗೆ ಎಣ್ಣೆಬಣ್ಣ ಬಳಿಯುತ್ತೇವೆ. ಎಷ್ಟೋ ತಲೆಮಾರಿನ ಭಕ್ತರ ಪಾದಗಳು ಸವೆಸಿದ ಹಾಸುಗಲ್ಲನ್ನು ಕಿತ್ತು ಟೈಲ್ಸ್ ಕೂರಿಸುತ್ತೇವೆ. ಗುಡಿ ಹೊಸದಾಗಿ ಹೊಳೆಯುತ್ತದೆ. ಆದರೆ ಉಳಿಸಬೇಕೆಂದು ಹೊರಟಿದ್ದ ಹಳಮೆ ಆ ಹೊಳಪಿನ ಕೆಳಗೆ ಮುಚ್ಚಿಹೋಗಿರುತ್ತದೆ. ಇದೇ ಮಾತು ಹಳೆಯ ವಾಹನಗಳಿಗೂ ಸಲ್ಲುತ್ತದೆ ಎಂಬುದನ್ನು ಈ ಲೇಖನದಲ್ಲಿ ಹೇಳಬೇಕೆಂದಿದ್ದೇನೆ. ವ್ಯಾಕರಣ ಪಾಠ ಹೇಳಿ ಬದುಕು ಕಳೆದ ಮಾಸ್ತರನಿಗೆ ಮೋಟಾರು ಗಾಡಿಯ ಉಸಾಬರಿ ಏಕೆ ಎಂದು ಓದುಗ ಮಿತ್ರರು ಕೇಳಬಹುದು. ವಿಷಯ ಮೇಲ್ನೋಟಕ್ಕೆ ಗಾಡಿಯದಾದರೂ ಒಳಗೆ ನೆನಪಿನದು. ಆದ್ದರಿಂದ ನನಗೂ ಒಂದು ಮಾತು ಆಡುವ ಅಧಿಕಾರವಿದೆ ಎಂದು ಭಾವಿಸಿದ್ದೇನೆ.

ಅಮೆರಿಕದವರು ‘ಮಸಲ್ ಕಾರ್’ ಎಂದು ಕರೆಯುವ ಒಂದು ಜಾತಿಯ ಕಾರುಗಳಿವೆ. ಮಧ್ಯಮ ಗಾತ್ರದ ಒಡಲಿಗೆ ದೈತ್ಯ ಎಂಜಿನ್ ಕೂರಿಸಿದ, ಉದ್ದ ಮೂತಿಯ ಕಾರುಗಳು ಅವು. 1964ರ ಪಾಂಟಿಯಾಕ್ ಜಿಟಿಒ ಈ ವಂಶದ ಮೊದಲನೆಯದೆಂದು ಅನೇಕರು ಎಣಿಸುತ್ತಾರೆ. ಅದರ ಎಂಜಿನ್ 6.4 ಲೀಟರಿನದು, ಕಸುವು 325 ಅಶ್ವಶಕ್ತಿ. 1973ರ ತೈಲ ಬಿಕ್ಕಟ್ಟು ಬಂದೆರಗಿದ ಮೇಲೆ ಈ ಭೋಗ ಹೆಚ್ಚು ಕಾಲ ನಡೆಯಲಿಲ್ಲ. ಆ ಕಾಲದ ಭಾರತದಲ್ಲಿ ವಿದೇಶಿ ಕಾರನ್ನು ತರಿಸುವುದೇ ದುಸ್ತರವಾಗಿದ್ದುದರಿಂದ ನಮ್ಮ ಜನ ಇಂತಹ ಕಾರುಗಳನ್ನು ಕಂಡದ್ದು ಇಂಗ್ಲಿಷ್ ಸಿನಿಮಾಗಳಲ್ಲಿ ಮಾತ್ರ. ಹಾಗಿದ್ದೂ ನಮ್ಮ ದೇಶದ ಒಂದು ಕಾರಿಗೆ ‘ಭಾರತದ ಮಸಲ್ ಕಾರ್’ ಎಂಬ ಬಿರುದು ಅಂಟಿಕೊಂಡಿತು. ಅದು ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯ ಕಾಂಟೆಸ್ಸಾ.

ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಿಂದ 1984ರಲ್ಲಿ ಹೊರಬಂದ ಕಾಂಟೆಸ್ಸಾ ಮೂಲತಃ ಇಂಗ್ಲೆಂಡಿನದು. ಅಲ್ಲಿನ ವಾಕ್ಸ್‌ಹಾಲ್ ಕಂಪನಿ 1970ರ ದಶಕದಲ್ಲಿ ತಯಾರಿಸಿ ಕೈಬಿಟ್ಟಿದ್ದ ವಿಕ್ಟರ್ ಎಂಬ ಕಾರಿನ ಅಚ್ಚುಗಳನ್ನು ನಮ್ಮವರು ಕೊಂಡು ತಂದಿದ್ದರು. ಉದ್ದನೆಯ ಮೂತಿ, ಅಗಲವಾದ ಎದೆ, ಹಿಂದಿನ ಚಕ್ರಗಳಿಂದ ನೂಕುವ ಬಲ, ನೋಡಲು ಥೇಟ್ ಅಮೆರಿಕದ ಗತ್ತು. ಆದರೆ ಮೊದಲ ಕಾರುಗಳೊಳಗೆ ಇದ್ದದ್ದು 1,489 ಸಿಸಿಯ ಹಳೆಯ ಎಂಜಿನ್; ಅದರ ಕಸುವು ಸುಮಾರು 50 ಅಶ್ವಶಕ್ತಿ. ಪೈಲ್ವಾನನ ಮೈಕಟ್ಟಿಗೆ ಗುಮಾಸ್ತನ ಗುಂಡಿಗೆ ಇಟ್ಟಂತಾಗಿತ್ತು. ಆಮೇಲೆ ಜಪಾನಿನ ಇಸುಜು ಕಂಪನಿಯ 1,817 ಸಿಸಿ ಎಂಜಿನ್ ಮತ್ತು ಐದು ಗೇರು ಬಂದಾಗ ಮೈಗೆ ತಕ್ಕ ಉಸಿರು ಬಂತು. 2002ರಲ್ಲಿ ತಯಾರಿಕೆ ನಿಂತಿತು. 2022ರಲ್ಲಿ ಕಾಂಟೆಸ್ಸಾ ಎಂಬ ಹೆಸರನ್ನೂ ಕಂಪನಿ ಬೇರೊಂದು ಸಂಸ್ಥೆಗೆ ಮಾರಿತು. ಆ ಹೆಸರಿಗೆ ಇಟಾಲಿಯನ್ ಭಾಷೆಯಲ್ಲಿ ಜಹಗೀರುಳ್ಳ ಮನೆತನದ ಒಡತಿ ಎಂಬ ಅರ್ಥವಿದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ದೊರೆಸಾನಿ.

ಅಂತಹ ಒಬ್ಬಳು ದೊರೆಸಾನಿ ನಮ್ಮ ಹತ್ತಿಕುಣಿಯಲ್ಲಿ ಇದ್ದಾಳೆ. 1989ರ ಕಾರು, ಬಿಳಿಯ ಬಣ್ಣ. ಮೊದಲು ಯಾದಗಿರಿಯ ಹತ್ತಿ ವ್ಯಾಪಾರಿಯೊಬ್ಬರ ಮನೆಯ ಮುಂದೆ ನಿಲ್ಲುತ್ತಿತ್ತು. ಹತ್ತು ವರ್ಷ ತಿರುಗಿದ ಮೇಲೆ ಅವರು ಹೊಸ ಕಾರು ಕೊಂಡರು. ಇದನ್ನು ಹತ್ತಿಕುಣಿಯ ರೈತರೊಬ್ಬರು ಆಸೆಪಟ್ಟು ಅಗ್ಗಕ್ಕೆ ಕೊಂಡರು. ಅವರು ಕೊಂಡದ್ದು ಮದುವೆ, ಜಾತ್ರೆಗಳಿಗೆ ಬಾಡಿಗೆಗೆ ಬಿಡುವ ಲೆಕ್ಕದಲ್ಲಿ. ಆದರೆ ಊರು ಆ ಕಾರಿಗೆ ಬೇರೆಯೇ ಕೆಲಸ ಹಚ್ಚಿತು.

ಆಗ ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಗುಲಬರ್ಗಾ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಸಂಜೆಯ ಕಡೆಯ ಬಸ್ಸು ಹೋಯಿತೆಂದರೆ ಮರುದಿನ ಬೆಳಗಾಗುವ ತನಕ ಊರಿಗೆ ಊರೇ ಕದ ಹಾಕಿಕೊಂಡಂತೆ. ರಾತ್ರಿ ಹೆರಿಗೆ ನೋವು ಎದ್ದರೆ, ಹೊಲದಲ್ಲಿ ಹಾವು ಕಡಿದರೆ, ಮಗುವಿಗೆ ವಾಂತಿಭೇದಿ ಹಿಡಿದರೆ ಎತ್ತಿನ ಗಾಡಿ ಇಲ್ಲವೇ ಟ್ರ್ಯಾಕ್ಟರ್ ಗತಿ. ಕರ್ನಾಟಕದಲ್ಲಿ 108 ಸಂಖ್ಯೆಯ ಆರೋಗ್ಯ ಕವಚ ಆಂಬುಲೆನ್ಸ್ ಸೇವೆ ಆರಂಭವಾದದ್ದು 2008ರ ನವೆಂಬರ್ 1ರಂದು. ಅದಕ್ಕೆ ಹಿಂದಿನ ಎಂಟೊಂಬತ್ತು ವರ್ಷ ನಮ್ಮ ಊರಿನ ಮತ್ತು ಸುತ್ತಲಿನ ತಾಂಡಾಗಳ ಪಾಲಿಗೆ ಆಂಬುಲೆನ್ಸ್ ಎಂದರೆ ಈ ಕಾಂಟೆಸ್ಸಾ.

ಇದಕ್ಕೆ ಕಾರಣ ಸರಳ. ಅದರ ಹಿಂದಿನ ಸೀಟು ಅಗಲ, ಒಬ್ಬರು ಕಾಲು ಮಡಚಿ ಮಲಗಬಹುದು. ಸಾಲದೆ ಬಂದಾಗ ಊರ ಕಮ್ಮಾರರು ಮುಂದಿನ ಎಡಗಡೆ ಸೀಟಿನ ಬೆನ್ನನ್ನು ಕತ್ತರಿಸಿ ಕೀಲು ಕೂರಿಸಿದರು. ಅದನ್ನು ಹಿಂದಕ್ಕೆ ಮಲಗಿಸಿದರೆ ಕಾಲು ಚಾಚಿ ಮಲಗುವಷ್ಟು ಜಾಗವಾಯಿತು. ಯಾದಗಿರಿಯ ಆಸ್ಪತ್ರೆಯಲ್ಲಿ ಆಗದೆಂದು ಗುಲಬರ್ಗಾಕ್ಕೆ ಬರೆದುಕೊಟ್ಟಾಗ ದಾರಿಯುದ್ದಕ್ಕೂ ಸಲೈನ್ ಬಾಟಲಿ ಎತ್ತಿ ಹಿಡಿದು ಕೂರುವವರ ಕೈ ಸೋಲುತ್ತಿತ್ತೆಂದು ಬಾಗಿಲ ಮೇಲಿನ ಹಿಡಿಕೆಯ ಪಕ್ಕ ಒಂದು ಕಬ್ಬಿಣದ ಕೊಕ್ಕೆ ಬಂತು. ಪೆಟ್ರೋಲಿಗೆ ಇದ್ದವರು ಕೊಟ್ಟರು, ಇಲ್ಲದವರು ಸುಗ್ಗಿಯಲ್ಲಿ ಜೋಳ, ತೊಗರಿ ಅಳೆದರು. ಕೆಲವರು ಏನನ್ನೂ ಕೊಡಲಾಗಲಿಲ್ಲ. ಅವರನ್ನೂ ಆ ಮನುಷ್ಯ ಇಳಿಸಿ ಹೋಗಲಿಲ್ಲ. ಆ ಕಾರಿನಲ್ಲಿಯೇ ಹುಟ್ಟಿದ ಇಬ್ಬರು ಮಕ್ಕಳಿಗೆ ಮುಂದೆ ನಾನು ವರ್ಣಮಾಲೆ ಕಲಿಸಿದ್ದೇನೆ. ಅದರಲ್ಲಿ ಹೋಗಿ ಮರಳಿ ಬಾರದವರೂ ಇದ್ದಾರೆ.

108 ಬಂದ ಮೇಲೆ ಕಾರಿನ ಕೆಲಸ ತಗ್ಗಿತು. ಯಜಮಾನರು ತೀರಿಕೊಂಡರು. ಕಾರು ಹಿತ್ತಿಲ ಬೇವಿನ ಮರದ ಕೆಳಗೆ ನಿಂತು ಕೋಳಿಗಳ ಗೂಡಾಯಿತು. ಈಗ ಅವರ ಮೊಮ್ಮಗ ನಾಲ್ಕು ಕಾಸು ಸಂಪಾದಿಸಿ, ಅಜ್ಜನ ಕಾರನ್ನು ಮತ್ತೆ ರಸ್ತೆಗೆ ಇಳಿಸುತ್ತೇನೆಂದು ಹೊರಟಿದ್ದಾನೆ. ಕೆಲಸ ವಹಿಸಿಕೊಂಡ ಮಿಸ್ತ್ರಿ ನನ್ನ ಹಳೆಯ ವಿದ್ಯಾರ್ಥಿ. ಸಂಧಿ ಸಮಾಸಗಳಲ್ಲಿ ಹಿಂದೆ ಬಿದ್ದಿದ್ದರೂ ಕೀಲು ಕೊಂಡಿಗಳ ಜೋಡಣೆಯಲ್ಲಿ ಅವನನ್ನು ಮೀರಿಸುವವರು ನಮ್ಮ ಕಡೆ ಕಡಿಮೆ.

ಅವನ ಕಷ್ಟವನ್ನು ಕೇಳಿಯೇ ತಿಳಿಯಬೇಕು. ಎಂಜಿನ್ನಿನ ಬಿಡಿಭಾಗಗಳಿಗೆ ಹೇಗೋ ದಾರಿಯುಂಟು. ಇದೇ ಇಸುಜು ಎಂಜಿನ್ನನ್ನು 1990ರ ದಶಕದಲ್ಲಿ ಅಂಬಾಸಿಡರ್ ಕಾರಿಗೂ ಹಾಕಿದ್ದರಿಂದ, ಗುಜರಿಗೆ ಬಂದ ಅಂಬಾಸಿಡರ್‌ಗಳಿಂದ ಬೇಕಾದದ್ದನ್ನು ಹೆಕ್ಕಬಹುದು. ಅಂಬಾಸಿಡರ್ ತಯಾರಿಕೆಯೂ 2014ರಲ್ಲಿ ನಿಂತುಹೋದದ್ದರಿಂದ ಆ ಗಣಿಯೂ ಬರಿದಾಗುತ್ತಿದೆ. ಆದರೆ ಕಾಂಟೆಸ್ಸಾದ ಹಿಂದಿನ ದೀಪದ ಗಾಜು, ಗಾಳಿಗಾಜಿನ ಸುತ್ತಲಿನ ರಬ್ಬರು, ಬಂಪರಿನ ಮೂಲೆಗಳು, ಇವನ್ನು ಕೊಡುವವರು ಯಾರು? ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ, ಒಡಲೇ ಬೆನ್ನೆಲುಬು. ಆದ್ದರಿಂದ ತಳದ ತಗಡಿಗೆ ತುಕ್ಕು ಹಿಡಿದರೆ ಕಾರಿನ ಎಲುಬಿಗೇ ರೋಗ ಹತ್ತಿದಂತೆ. ತುಕ್ಕು ತಿಂದ ತಗಡನ್ನು ಪೂರ್ತಿ ಕತ್ತರಿಸಿ ತೆಗೆದು ಹೊಸ ತಗಡು ಬೆಸೆಯಬೇಕು. ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಎರಡು ಮಳೆಗಾಲದಲ್ಲಿ ಒಳಗಿನ ಹುಣ್ಣು ಹೊರಬೀಳುತ್ತದೆ. ಇದೆಲ್ಲವನ್ನೂ ನಮ್ಮ ಹುಡುಗ ಶ್ರದ್ಧೆಯಿಂದ ಮಾಡುತ್ತಿದ್ದಾನೆ. ಆ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಬಂದದ್ದು ಆ ಕೊಕ್ಕೆಯ ಮತ್ತು ಸೀಟಿನ ವಿಚಾರದಲ್ಲಿ. “ಸರ, ಕಂಪನಿಯಿಂದ ಬಂದಾಗ ಈ ಕೊಕ್ಕಿ ಇರಲಿಲ್ರಿ. ಸೀಟನೂ ಕತ್ತರಿಸಿ ಕೆಡಿಸ್ಯಾರ. ಎರಡೂ ತೆಗದು ಒರಿಜಿನಲ್ ಮಾಡತೀನಿ ನೋಡ್ರಿ” ಎಂದು ಅವನು ಹೇಳಿದ. ಮೊಮ್ಮಗನ ಒಪ್ಪಿಗೆಯೂ ಅದಕ್ಕಿತ್ತು. ಕಾರು ಪ್ರದರ್ಶನಕ್ಕೆ ಹೋದರೆ ಮೂಲ ರೂಪ ಎಷ್ಟು ಉಳಿದಿದೆ ಎಂಬುದಕ್ಕೇ ಬೆಲೆ. ಮನೆಯ ಶ್ರಮವೆಲ್ಲ ಒಂದು ಕೊಕ್ಕೆಗಾಗಿ ಹಾಳಾಗಬಾರದು ಎಂಬುದು ಅವರ ವಾದ. ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೂ ನಾನು ಒಪ್ಪಲಾರೆ. ಏಕೆಂದರೆ ‘ಮೂಲ’ ಎಂಬ ಮಾತಿನ ಅರ್ಥವನ್ನೇ ಇಲ್ಲಿ ತೀರ ಕಿರಿದುಗೊಳಿಸಲಾಗಿದೆ.

ತರಗತಿಯಲ್ಲಿ ನಾವು ತತ್ಸಮ, ತದ್ಭವ ಎಂದು ಪಾಠ ಹೇಳುತ್ತೇವೆ. ಸಂಸ್ಕೃತದಿಂದ ಬಂದ ಶಬ್ದವೊಂದು ನಮ್ಮ ಜನರ ನಾಲಿಗೆಯ ಮೇಲೆ ಹೊರಳಿ ರೂಪ ಬದಲಿಸಿದರೆ ಅದು ತದ್ಭವ. ಆಶ್ಚರ್ಯ ಅಚ್ಚರಿಯಾಯಿತು, ಆಕಾಶ ಆಗಸವಾಯಿತು. ಅಚ್ಚರಿಯನ್ನು ಕೆಟ್ಟುಹೋದ ಆಶ್ಚರ್ಯವೆಂದು ಯಾವ ಕನ್ನಡಿಗನೂ ಬಗೆಯುವುದಿಲ್ಲ. ಹಾಗೆಯೇ ವಾಕ್ಸ್‌ಹಾಲ್ ವಿಕ್ಟರ್ ಎಂಬ ತತ್ಸಮ ಉತ್ತರಪಾರಾದಲ್ಲಿ ಕಾಂಟೆಸ್ಸಾ ಆಯಿತು, ಹತ್ತಿಕುಣಿಯಲ್ಲಿ ಆಂಬುಲೆನ್ಸ್ ಆಯಿತು. ‘ಒರಿಜಿನಲ್’ ಬೇಕೆಂದು ಹಿಂದೆ ಹಿಂದೆ ಸರಿಯುವುದಾದರೆ ಎಲ್ಲಿ ನಿಲ್ಲಬೇಕು? ಯಾದಗಿರಿಯ ವ್ಯಾಪಾರಿಯ ಅಂಗಳದಲ್ಲಿಯೇ, ಬಂಗಾಳದ ಕಾರ್ಖಾನೆಯಲ್ಲಿಯೇ, ಇಂಗ್ಲೆಂಡಿನಲ್ಲಿಯೇ? ಈ ಕಾರು ಬೇರೆಲ್ಲ ಕಾಂಟೆಸ್ಸಾಗಳಿಗಿಂತ ಭಿನ್ನವಾದದ್ದು ಹತ್ತಿಕುಣಿಯಲ್ಲಿ. ಅದನ್ನು ತೆಗೆದರೆ ಉಳಿಯುವುದು ಸಾವಿರಾರು ಕಾರುಗಳಲ್ಲಿ ಒಂದು.

ನಮ್ಮ ತಾಯಂದಿರು ಹೊಲಿಯುವ ಕೌದಿಯನ್ನು ನೋಡಿರಿ. ಅಜ್ಜಿಯ ಇಳಕಲ್ ಸೀರೆಯ ಸೆರಗು, ಅಪ್ಪನ ಧೋತರ, ಮಗುವಿನ ಅಂಗಿ, ಎಲ್ಲವೂ ಅದರಲ್ಲಿ ತುಣುಕಾಗಿ ಸೇರುತ್ತವೆ. ಕೌದಿ ಹರಿದರೆ ಮತ್ತೊಂದು ತುಣುಕು ಇಟ್ಟು ಹೊಲಿಯುತ್ತಾರೆಯೇ ಹೊರತು ಹಳೆಯ ತೇಪೆಗಳನ್ನು ಬಿಚ್ಚಿ ಅಂಗಡಿಯ ಬಟ್ಟೆಯಂತೆ ಮಾಡಹೊರಡುವುದಿಲ್ಲ. ಓದು ಬರಹ ಬಾರದ ಆ ಹೆಣ್ಣುಮಕ್ಕಳಿಗೆ ಜೀರ್ಣೋದ್ಧಾರದ ನಿಜವಾದ ಮರ್ಮ ಗೊತ್ತಿತ್ತೆಂದೇ ನನ್ನ ನಂಬಿಕೆ.

ಇದು ಕೇವಲ ಹಳ್ಳಿಯ ಮಾಸ್ತರನ ಭಾವುಕತೆ ಎಂದು ಯಾರೂ ತಿಳಿಯಬಾರದು. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ‘ಫಿವಾ’ 1966ರಿಂದ ಇದೆ. ಅದು 2012ರಲ್ಲಿ ಟ್ಯುರಿನ್ ಸನ್ನದು ಎಂಬ ದಾಖಲೆಯನ್ನು ಅಂಗೀಕರಿಸಿತು. ವಾಹನವನ್ನು ಕಾರ್ಖಾನೆಯಿಂದ ಬಂದ ದಿನದ ರೂಪಕ್ಕೆ ಮರಳಿಸುವುದು ಅನಿವಾರ್ಯವಲ್ಲ, ಅದು ಬಳಕೆಯಲ್ಲಿದ್ದ ಕಾಲದಲ್ಲಿ ಆದ ಮಾರ್ಪಾಡುಗಳೂ ಅದರ ಇತಿಹಾಸಕ್ಕೆ ಸಾಕ್ಷಿ ಎಂಬುದು ಆ ಸನ್ನದಿನ ಆಶಯಗಳಲ್ಲೊಂದು. ಕಾರು, ಮೋಟಾರ್ ಸೈಕಲ್ಲುಗಳ ಜೊತೆಗೆ ದುಡಿಮೆಯ ವಾಹನಗಳನ್ನೂ ಅದು ತನ್ನ ವ್ಯಾಪ್ತಿಯೊಳಗೆ ಸೇರಿಸಿಕೊಂಡಿದೆ. ಮಸಲ್ ಕಾರುಗಳ ತವರಾದ ಅಮೆರಿಕದಲ್ಲಿಯೇ ಇನ್ನೊಂದು ಉದಾಹರಣೆಯಿದೆ. ಫೋರ್ಡ್ ಕಂಪನಿ 1982ರಿಂದ 1993ರವರೆಗೆ ಪೊಲೀಸರಿಗಾಗಿಯೇ ಒಂದು ಬಗೆಯ ಮಸ್ಟಾಂಗ್ ಕಾರನ್ನು ತಯಾರಿಸಿತು. ಹೆದ್ದಾರಿಯಲ್ಲಿ ಅತಿವೇಗದಿಂದ ಓಡುವವರನ್ನು ಬೆನ್ನಟ್ಟಲು ಕ್ಯಾಲಿಫೋರ್ನಿಯಾದ ಹೆದ್ದಾರಿ ಪೊಲೀಸರು ಅವನ್ನು ಕೊಂಡರು. ಇಂದು ಅಂತಹ ಕಾರು ಕೈಗೆ ಸಿಕ್ಕ ಹವ್ಯಾಸಿಗಳು ಕಪ್ಪು ಬಿಳುಪಿನ ಪೊಲೀಸ್ ಬಣ್ಣವನ್ನೇ ಮತ್ತೆ ಹಾಕಿಸಿ, ಅದರ ನೌಕರಿಯ ಕುರುಹುಗಳನ್ನು ಹೆಮ್ಮೆಯಿಂದ ಉಳಿಸಿಕೊಳ್ಳುತ್ತಾರೆ. ಅಲ್ಲಿ ದುಡಿದ ಗುರುತು ಕಾರಿನ ಬೆಲೆ ಹೆಚ್ಚಿಸುತ್ತದೆ; ನಮ್ಮಲ್ಲಿ ಅದನ್ನು ಉಜ್ಜಿ ಅಳಿಸುತ್ತೇವೆ.

ನಮ್ಮ ಕಾನೂನು ಕೂಡ ಈ ವಿಷಯದಲ್ಲಿ ಕಣ್ಣು ತೆರೆಯಬೇಕಾಗಿದೆ. 2021ರ ಜುಲೈನಲ್ಲಿ ಕೇಂದ್ರ ಸರಕಾರ ಪುರಾತನ ವಾಹನಗಳಿಗಾಗಿ ನಿಯಮಗಳನ್ನು ಹೊರಡಿಸಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿರಬೇಕು, ಮೂಲ ರೂಪದಲ್ಲಿರಬೇಕು, ಖಾಸಗಿ ಬಳಕೆಯದಾಗಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ ಕಟ್ಟಿದರೆ ‘ವಿಎ’ ಅಕ್ಷರಗಳುಳ್ಳ ವಿಶೇಷ ಸಂಖ್ಯೆ ದೊರೆಯುತ್ತದೆ. ನಿಯಮ ಬಂದದ್ದೇ ಒಳ್ಳೆಯದು. ಆದರೆ ಲೆಕ್ಕ ಹಾಕಿ ನೋಡಿ: ಫಿವಾ 30 ವರ್ಷಕ್ಕೇ ಐತಿಹಾಸಿಕವೆನ್ನುತ್ತದೆ, ಅದರ ಪ್ರಕಾರ ನಮ್ಮ ಕಾರು 2019ರಲ್ಲಿಯೇ ಆ ಮರ್ಯಾದೆಗೆ ಅರ್ಹವಾಗಿತ್ತು. ನಮ್ಮ ನಿಯಮದಂತೆ ಅದು 2039ರ ತನಕ ಕಾಯಬೇಕು. ಅಷ್ಟರವರೆಗೆ ಅದು ಬರಿಯ ಮುದಿ ಕಾರು. 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣದ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿಸಿದರು; 20 ವರ್ಷ ಮೀರಿದವಕ್ಕೆ 2025ರಲ್ಲಿ ಅದನ್ನು 10,000 ಮಾಡಿದರು. ಹಳೆಯದಾದರೂ ಇನ್ನೂ ಪುರಾತನವಾಗದ ಈ ನಡುವಿನ ವರ್ಷಗಳಲ್ಲಿಯೇ ವಾಹನಗಳು ಗುಜರಿ ಸೇರುವುದು. ಬಸ್ಸು, ಲಾರಿಗಳಿಗಂತೂ ಆ ನಿಯಮದಲ್ಲಿ ಜಾಗವೇ ಇಲ್ಲ.

ಸರಕಾರಿ ವಾಹನಗಳ ಪಾಡು ಇನ್ನೂ ಕಠಿಣ. 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರಕಾರಿ ವಾಹನಗಳ ನೋಂದಣಿಯನ್ನು ನವೀಕರಿಸುವುದಿಲ್ಲ. ರಕ್ಷಣೆ ಮತ್ತು ಕಾನೂನು ಸುವ್ಯವಸ್ಥೆಯ ವಿಶೇಷ ವಾಹನಗಳನ್ನು ಬಿಟ್ಟರೆ ಉಳಿದವನ್ನು ಗುಜರಿ ಕೇಂದ್ರಕ್ಕೆ ಒಪ್ಪಿಸಬೇಕು. ಹೊಗೆಯ ಮತ್ತು ಸುರಕ್ಷತೆಯ ದೃಷ್ಟಿಯಿಂದ ಈ ಕ್ರಮ ಸರಿಯಾದದ್ದೇ. ಬ್ರೇಕು ಸವೆದ ಬಸ್ಸಿನಲ್ಲಿ ಮಕ್ಕಳು ಶಾಲೆಗೆ ಹೋಗಬೇಕೆಂದು ನಾನು ಹೇಳಲಾರೆ. ಆದರೆ ನೂರರಲ್ಲಿ ಒಂದನ್ನು ಆರಿಸಿ ಇಡಬೇಕೆಂಬ ಆಲೋಚನೆ ಎಲ್ಲಿಯಾದರೂ ಇದೆಯೇ? ಸಿಡುಬು ನಿರ್ಮೂಲನೆಗಾಗಿ ಹಳ್ಳಿಹಳ್ಳಿ ಅಲೆದ ಜೀಪುಗಳು, ನಾರುಹುಣ್ಣಿನ ಕಾಟ ಕಳೆಯಲು ಬಾವಿಯಿಂದ ಬಾವಿಗೆ ತಿರುಗಿದ ಆರೋಗ್ಯ ಇಲಾಖೆಯ ಗಾಡಿಗಳು ಎಲ್ಲಿ ಹೋದವು? ಭಾರತ ನಾರುಹುಣ್ಣಿನಿಂದ ಮುಕ್ತವೆಂದು 2000ದಲ್ಲಿ ಘೋಷಣೆಯಾಯಿತು. ಆ ಗೆಲುವಿನಲ್ಲಿ ಪಾಲುಗೊಂಡ ಒಂದು ಜೀಪನ್ನು ಮೊಮ್ಮಕ್ಕಳಿಗೆ ತೋರಿಸಬೇಕೆಂದರೆ ನಾನು ಎಲ್ಲಿಗೆ ಕರೆದೊಯ್ಯಲಿ?

ನಮ್ಮ ಪ್ರದೇಶ ಹಿಂದೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆ ಕಾಲದ ಎರಡು ವಾಹನಗಳು ಹೈದರಾಬಾದಿನಲ್ಲಿ ಉಳಿದಿವೆ. ಚೌಮಹಲ್ಲಾ ಅರಮನೆಯಲ್ಲಿ ನಿಜಾಮರ 1912ರ ರೋಲ್ಸ್ ರಾಯ್ಸ್ ಇದೆ; ಸಿಂಹಾಸನದಂತಹ ಆಸನವುಳ್ಳ, ಹಳದಿ ಬಣ್ಣದ ಆ ಕಾರು ತನ್ನ ಆಯುಷ್ಯದಲ್ಲಿ ಓಡಿದ್ದು ಕೆಲವೇ ನೂರು ಮೈಲಿ. ಇನ್ನೊಂದು ಬಸ್ ಭವನದ ಆವರಣದಲ್ಲಿರುವ ‘ಡೆಕ್ಕನ್ ಕ್ವೀನ್’ ಎಂಬ ಆಲ್ಬಿಯನ್ ಬಸ್ಸು. 1932ರ ಜೂನ್‌ನಲ್ಲಿ ನಿಜಾಮರ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 27 ಬಸ್ಸುಗಳೊಂದಿಗೆ ಆರಂಭವಾದ ಕಾಲದ್ದು ಅದು. ಅದನ್ನು ದುರಸ್ತಿ ಮಾಡಿ ಜೋಪಾನವಾಗಿ ಇಟ್ಟಿದ್ದಾರೆ. ಮೊದಲನೆಯದನ್ನು ನೋಡಿದರೆ ದೊರೆಯ ವೈಭವ ತಿಳಿಯುತ್ತದೆ. ಎರಡನೆಯದರ ಮುಂದೆ ನಿಂತರೆ ಬುತ್ತಿ ಗಂಟು ಹಿಡಿದು ಸಂತೆಗೆ ಹೋಗುತ್ತಿದ್ದ ನಮ್ಮ ಅಜ್ಜ ಅಜ್ಜಿಯರು ನೆನಪಾಗುತ್ತಾರೆ. ಎರಡೂ ಬೇಕು. ಆದರೆ ಮೊದಲನೆಯ ಜಾತಿಯವಕ್ಕೆ ಅರಮನೆಗಳೂ ಸಂಗ್ರಹಾಲಯಗಳೂ ಇವೆ. ಎರಡನೆಯ ಜಾತಿಯವಕ್ಕೆ ನಾವು ನೀವೇ ದಿಕ್ಕು.

ನಮ್ಮ ರಾಜ್ಯದಲ್ಲಿ ಹಳೆಯ ಕಾರುಗಳ ಬಗ್ಗೆ ಪ್ರೀತಿ ಇಲ್ಲವೆಂದಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಕಾರುಗಳನ್ನು ಯಾತ್ರಿಕರು ಬೆರಗಿನಿಂದ ನೋಡುತ್ತಾರೆ. ಶ್ರೀರಂಗಪಟ್ಟಣದ ಬಳಿ ಕಾರುಗಳಿಗಾಗಿಯೇ ‘ಪಯಣ’ ಎಂಬ ಸಂಗ್ರಹಾಲಯ ತಲೆಯೆತ್ತಿದೆ. ನಮ್ಮ ಕಲ್ಯಾಣ ಕರ್ನಾಟಕದಲ್ಲಿಯೂ ಪ್ರತಿ ಜಿಲ್ಲೆಗೆ ಒಂದು ಶೆಡ್ಡಾದರೂ ಇಂತಹ ಕೆಲಸಕ್ಕೆ ಮೀಸಲಾಗಲಿ ಎಂಬುದು ನನ್ನ ಆಸೆ. ಒಂದು ಕೆಂಪು ಬಸ್ಸು, ಒಂದು ಆರೋಗ್ಯ ಇಲಾಖೆಯ ಜೀಪು, ಒಂದು ಟ್ರ್ಯಾಕ್ಟರ್, ಸಾಧ್ಯವಾದರೆ ಇಂತಹ ಒಂದು ಕಾಂಟೆಸ್ಸಾ, ಪ್ರತಿಯೊಂದರ ಪಕ್ಕ ಅದು ಮಾಡಿದ ಕೆಲಸದ ವಿವರ. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ.

ಒಂದು ಆಕ್ಷೇಪಕ್ಕೆ ಉತ್ತರ ಹೇಳದೆ ಮುಗಿಸುವುದು ಸರಿಯಲ್ಲ. ಆ ಕೊಕ್ಕೆ ಕಂಡಾಗಲೆಲ್ಲ ಕಣ್ಣೀರು ಬರುವ ಮನೆಗಳು ಊರಿನಲ್ಲಿವೆ. ನೋವಿನ ಗುರುತನ್ನು ಏಕೆ ಕಾಪಾಡಬೇಕು ಎಂದು ಕೇಳುವವರಿದ್ದಾರೆ. ಅವರ ಮಾತಿಗೆ ನನ್ನ ಗೌರವವಿದೆ. ಆದರೆ ಆ ಕೊಕ್ಕೆ ಸಾವಿನ ಗುರುತು ಮಾತ್ರವೇ? ಸರಕಾರದ ಗಾಡಿ ಬಾರದ ಕಾಲದಲ್ಲಿ ಒಬ್ಬರು ಚಾವಿ ಹಿಡಿದು ಎದ್ದು ಬಂದರು, ಹತ್ತು ಮಂದಿ ಪೆಟ್ರೋಲಿಗೆ ಕೂಡಿಸಿದರು, ಒಬ್ಬ ಕಮ್ಮಾರ ಕೂಲಿ ಕೇಳದೆ ಕಬ್ಬಿಣ ಬಗ್ಗಿಸಿದ. ಹಾಗೆಯೇ ಒಂದು ರಾತ್ರಿ ಒಂದು ಹೆಣ್ಣುಮಗಳು ಗುಲಬರ್ಗಾದವರೆಗೆ ಹೋಗಲು ಒಂದು ಕಾರನ್ನು ನಂಬಬೇಕಾಯಿತು ಎಂಬುದೂ ಅದರಲ್ಲಿದೆ. ಇವೆರಡನ್ನೂ ಮುಂದಿನವರು ಅರಿಯಬೇಕು. ಮೊದಲನೆಯದನ್ನು ಅರಿತರೆ ಹೆಮ್ಮೆಪಡುತ್ತಾರೆ. ಎರಡನೆಯದನ್ನು ಅರಿತರೆ ಊರಿಗೆ ಆಸ್ಪತ್ರೆ ಬೇಕೆಂದು ಗಟ್ಟಿಯಾಗಿ ಕೇಳುತ್ತಾರೆ.

ಆದ್ದರಿಂದ ಹಳೆಯ ವಾಹನಕ್ಕೆ ಕೈಹಾಕುವ ಯುವಕರಲ್ಲಿ ನನ್ನ ಬಿನ್ನಹ ಇಷ್ಟೇ. ತುಕ್ಕನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿರಿ. ಬ್ರೇಕು, ತಂತಿ, ಟೈರು, ಯಾವುದರಲ್ಲಿಯೂ ಹಳೆಯದೆಂಬ ಮೋಹ ಬೇಡ. ಪ್ರಾಣದ ವಿಷಯ ಅದು. ಆದರೆ ಬಿಚ್ಚುವ ಮೊದಲು ಒಂದೊಂದು ಭಾಗದ ಫೋಟೋ ತೆಗೆಯಿರಿ. ತೂತು, ತೇಪೆ, ಕೊಕ್ಕೆ ಕಂಡರೆ ಕೀಳುವ ಮುನ್ನ ಅದು ಏಕೆ ಬಂತೆಂದು ಊರಿನ ಹಿರಿಯರನ್ನು ಕೇಳಿರಿ. ಕೇಳಿದ್ದನ್ನು ಒಂದು ನೋಟುಬುಕ್ಕಿನಲ್ಲಿ ಬರೆದು ಕಾರಿನ ಕಾಗದಪತ್ರಗಳ ಜೊತೆಗೇ ಇಡಿರಿ. ಅದಕ್ಕೆ ನೋಂದಣಿ ಪುಸ್ತಕದಷ್ಟೇ ಬೆಲೆ ಬರುವ ದಿನ ಇದೆ. ಕೇಳಬೇಕಾದ ಹಿರಿಯರಿಗೆ ವಯಸ್ಸಾಗುತ್ತಿದೆ. ತಗಡಿನ ತುಕ್ಕಿಗಿಂತ ನೆನಪಿನ ತುಕ್ಕು ಬೇಗ ಹಬ್ಬುತ್ತದೆ.

ಕಸುವು ಎಂದರೆ ಅಮೆರಿಕದವರಿಗೆ ಎಂಜಿನ್ನಿನ ಲೀಟರುಗಳಿರಬಹುದು. ಕಾಯಕವನ್ನು ಪೂಜೆಗೆ ಸಮನೆಂದು ಸಾರಿದ ಶರಣರ ನಾಡಿನಲ್ಲಿ ಕಸುವನ್ನು ಅಳೆಯುವ ಮಾಪು ಬೇರೆ. 88 ಅಶ್ವಶಕ್ತಿಯ ಒಂದು ಬಿಳಿಯ ಕಾರು ಎಷ್ಟು ವೇಗವಾಗಿ ಓಡಿತೆಂಬುದು ನಮ್ಮ ಊರಿನಲ್ಲಿ ಯಾರಿಗೂ ನೆನಪಿಲ್ಲ. ಅದು ಯಾವ ಯಾವ ರಾತ್ರಿ, ಯಾರ ಮನೆಯ ಮುಂದೆ ಬಂದು ನಿಂತಿತೆಂಬುದು ಎಲ್ಲರಿಗೂ ನೆನಪಿದೆ.